ಮುಳ್ಳು ಸಿಕ್ಕೊಂಡಿದೆ ಡಾಕ್ಟ್ರೇ

"ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕೊಂಡಿದೆ ಡಾಕ್ಟ್ರೇ, ಸ್ವಲ್ಪ ತೆಗೆದುಕೊಡಿ." ಬಾಯಿನೋವಿನ ಬೆಕ್ಕನ್ನು ಬುಟ್ಟಿಯಲ್ಲಿ ತರುವವರು ಹೆಚ್ಚಾಗಿ ಬಾಗಿಲಲ್ಲೇ ಈ ಮಾತು ಹೇಳುತ್ತಾರೆ. ಅವರ ಊಹೆಯೇನೂ ಆಧಾರವಿಲ್ಲದ್ದಲ್ಲ. ಬೆಕ್ಕು ಜೊಲ್ಲು ಸುರಿಸುತ್ತಿರುತ್ತದೆ, ಮುಂಗಾಲಲ್ಲಿ ಬಾಯಿ ಉಜ್ಜಿಕೊಳ್ಳುತ್ತದೆ, ಹಸಿವಿನಿಂದ ತಟ್ಟೆಗೆ ಓಡಿ ಬಂದು ಒಂದು ತುತ್ತು ಬಾಯಿಗಿಟ್ಟು ಕಿರುಚಿ ಹಿಂದಕ್ಕೆ ಹಾರುತ್ತದೆ. ಹಿಂದಿನ ದಿನ ಮನೆಯಲ್ಲಿ ಜಿಲೇಬಿ ಮೀನಿನ ಸಾರು ಆಗಿದ್ದರಂತೂ ಮುಗಿಯಿತು. ಮೈಸೂರಿನಲ್ಲಿ ಕ್ಲಿನಿಕ್ ಇಟ್ಟು ಒಂಬತ್ತು ವರ್ಷವಾಯಿತು. ನಿಜವಾಗಿ ಏನಾದರೂ ಸಿಕ್ಕಿಕೊಂಡದ್ದನ್ನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಮಿಕ್ಕಿದ್ದೆಲ್ಲ ಹಲ್ಲು ಮತ್ತು ಒಸಡಿನ ತಾಪತ್ರಯವೇ.

ಇದಕ್ಕೂ ಮೊದಲು ಮಂಡ್ಯದ ಕಡೆ ದನ, ಎಮ್ಮೆ, ಕುರಿ ನೋಡಿಕೊಂಡಿದ್ದವನು ನಾನು. ಅಲ್ಲಿ ಬಾಯಿ ಬಿಡಿಸುತ್ತಿದ್ದದ್ದು ಬಹುಪಾಲು ವಯಸ್ಸು ಹೇಳುವುದಕ್ಕೆ: ಎರಡಲ್ಲು, ನಾಲ್ಕಲ್ಲು, ಬಾಯ್ಗೂಡಿದ್ದು. ಹಸುವಿನ ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದರೆ ಅದು ತಡೆದುಕೊಳ್ಳುತ್ತದೆ. ಬೆಕ್ಕಿನ ಹತ್ತಿರ ಅದು ನಡೆಯುವುದಿಲ್ಲ. ಮೊದಲ ವರ್ಷವೇ ಎಡಗೈ ಹೆಬ್ಬೆರಳಿಗೆ ಎರಡು ಸಲ ಕಚ್ಚಿಸಿಕೊಂಡು, ಕೈ ಊದಿ, ರೇಬೀಸ್ ಚುಚ್ಚುಮದ್ದಿಗೆ ಓಡಿದ ಮೇಲೆ ಬುದ್ಧಿ ಬಂತು. ಈಗ ಬೆಕ್ಕಿನ ಹಿಂದೆ ನಿಂತು, ತಲೆಯನ್ನು ಅಂಗೈಯಲ್ಲಿ ಹಿಡಿದು, ಬಾಯಿ ತೆರೆಸದೆ ಬರೀ ತುಟಿ ಮೇಲೆತ್ತುತ್ತೇನೆ. ಒಂದೊಂದು ಪಕ್ಕಕ್ಕೆ ಎರಡು ಸೆಕೆಂಡ್ ಸಾಕು. ಮೂವತ್ತು ಹಲ್ಲುಗಳಲ್ಲಿ ನೋಡಬೇಕಾದವು ಅಷ್ಟರಲ್ಲೇ ಕಾಣುತ್ತವೆ. ಒಸಡಿನ ಅಂಚಿನಲ್ಲಿ ಕುಂಕುಮದ ಗೀರಿನಂತೆ ಕೆಂಪು ಇದ್ದರೆ ಅದು ಒಸಡಿನ ಉರಿಯೂತ, ಇನ್ನೂ ಕೈಮೀರಿಲ್ಲ. ದವಡೆ ಹಲ್ಲಿನ ಮೇಲೆ ಕಂದು ಕಲ್ಲು ಕಟ್ಟಿ, ಒಸಡು ಕೆಳಗಿಳಿದು, ಹಲ್ಲು ಅಲ್ಲಾಡುತ್ತಿದ್ದರೆ ಒಳಗಿನ ಮೂಳೆ ಕರಗಿದೆ, ಅದು ತಿರುಗಿ ಬರುವುದಿಲ್ಲ.

ನನ್ನನ್ನು ಹೆಚ್ಚು ಏಮಾರಿಸಿದ್ದು ಮೂರನೆಯದು. ಕೆಳದವಡೆಯಲ್ಲಿ, ಕೋರೆಹಲ್ಲಿನ ಹಿಂದಿನ ಮೊದಲ ದವಡೆ ಹಲ್ಲಿನ ಬುಡದಲ್ಲಿ ಒಸಡು ಹಲ್ಲಿನ ಮೇಲೆ ಹತ್ತಿ ಕೂತಂತೆ ಒಂದು ಕೆಂಪು ಚುಕ್ಕೆ. ಜನ ಹುಳುಕು ಅನ್ನುತ್ತಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ನಮಗೆ ಬರುವ ಹುಳುಕು ಬೆಕ್ಕಿಗೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಅದರ ಮೈಯ ಕೋಶಗಳೇ ಹಲ್ಲನ್ನು ತಿಂದುಹಾಕುತ್ತವೆ. ಯಾಕೆ ಎಂದು ವಿಜ್ಞಾನ ಇನ್ನೂ ಖಚಿತವಾಗಿ ಹೇಳಿಲ್ಲ. ಆ ಚುಕ್ಕೆಗೆ ಕಡ್ಡಿಯ ತುದಿ ತಾಗಿಸಿದರೆ, ಅರೆ ಅರಿವಳಿಕೆಯಲ್ಲಿದ್ದರೂ ದವಡೆ ಟಕಟಕ ಎಂದು ಹೊಡೆದುಕೊಳ್ಳುತ್ತದೆ. ಸಿಮೆಂಟ್ ತುಂಬಿ ಪ್ರಯೋಜನವಿಲ್ಲ, ಅದರ ಕೆಳಗೂ ಸವೆತ ಮುಂದುವರಿಯುತ್ತದೆ. ಹಲ್ಲು ತೆಗೆಯಲೇಬೇಕು.

ತೆಗೆಯುವಾಗಲೇ ನಾನು ಎಡವಿದ್ದು. ಆಗ ನನ್ನಲ್ಲಿ ಹಲ್ಲಿನ ಎಕ್ಸ್‌ರೇ ಇರಲಿಲ್ಲ. ಒಂದು ಕಪ್ಪು ಬೆಕ್ಕಿನ ಹಲ್ಲು ಕೀಳುವಾಗ ಬೇರಿನ ತುದಿ ಮುರಿದು ಒಳಗೇ ಉಳಿಯಿತು. ಕರಗುತ್ತೆ ಬಿಡು ಎಂದು ಹೊಲಿಗೆ ಹಾಕಿದೆ. ಮೂರು ವಾರಕ್ಕೆ ಕೀವು ತುಂಬಿದ ದವಡೆಯೊಂದಿಗೆ ವಾಪಸ್ ಬಂತು. ಕೆಲವು ಹಲ್ಲುಗಳ ಬೇರು ಮೂಳೆಯಾಗಿಯೇ ಮಾರ್ಪಟ್ಟಿರುತ್ತದೆ, ಅಂಥವನ್ನು ಮೇಲಿನ ಭಾಗ ಕತ್ತರಿಸಿ ಒಸಡು ಮುಚ್ಚಿದರೆ ಸಾಕು. ಇನ್ನು ಕೆಲವು ಬೇರು ಗಟ್ಟಿಯಾಗಿಯೇ ಇರುತ್ತದೆ, ಅದು ಪೂರ್ತಿ ಬರಬೇಕು. ಯಾವುದು ಯಾವುದು ಎಂದು ಎಕ್ಸ್‌ರೇ ಬಿಟ್ಟರೆ ಇನ್ನಾವುದೂ ಹೇಳುವುದಿಲ್ಲ. ಎರಡನೇ ಸಲದ ಆಪರೇಷನ್‌ಗೆ ಆ ಮನೆಯವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ಸಾಲ ಮಾಡಿ ಎಕ್ಸ್‌ರೇ ಸೆನ್ಸರ್ ತಂದೆ.

ಸರಸ್ವತಿಪುರಂನ ನಿವೃತ್ತ ಮೇಡಂ ಒಬ್ಬರ ಬೆಕ್ಕಿನ ಕತೆ ಬೇರೆ. "ನಮ್ಮನೇಲಿ ಮೀನು ಮಾಡಲ್ಲ. ಹೊರಗೆಲ್ಲೋ ತಿಂದು ಮುಳ್ಳು ಸಿಕ್ಕಿಸ್ಕೊಂಡಿದೆ" ಎಂದೇ ಬಂದರು. ನಾಲ್ಕು ವರ್ಷದ ಗಂಡು, 3.6 ಕಿಲೋ ಇದ್ದದ್ದು 2.4ಕ್ಕೆ ಇಳಿದಿತ್ತು. ಮೈ ನೆಕ್ಕಿಕೊಳ್ಳುವುದನ್ನೇ ಬಿಟ್ಟು ತುಪ್ಪಳ ಜಡೆಗಟ್ಟಿತ್ತು. ಬಾಯಿಯ ಹಿಂಭಾಗದಲ್ಲಿ, ಎರಡು ದವಡೆ ಕೂಡುವ ಕಡೆ, ಹಸಿ ಮಾಂಸದಂಥ ಹುಣ್ಣು. ಇದೇ ಸ್ಟೋಮಟೈಟಿಸ್. ಹಲ್ಲಿನ ಮೇಲೆ ಕೂರುವ ಲೋಳೆಯ ಪೊರೆಯ ವಿರುದ್ಧ ಮೈಯ ರೋಗನಿರೋಧಕ ಶಕ್ತಿ ಅತಿಯಾಗಿ ರೇಗುತ್ತದೆ. ಇಂಥ ಬೆಕ್ಕುಗಳಲ್ಲಿ, ಬೆಕ್ಕಿಗೆ ನೆಗಡಿ ತರುವ ಕ್ಯಾಲಿಸಿ ವೈರಸ್ ಕೂಡ ಹಲವು ಸಲ ಸಿಗುತ್ತದೆ. ಆ ರೇಗುವಿಕೆ ತಗ್ಗಿಸಲು ಮೊದಮೊದಲು ನಾನೇ ಮೂರು ಸಲ ಸ್ಟಿರಾಯ್ಡ್ ಚುಚ್ಚಿದೆ. ಮೊದಲ ಸಲ ಆರು ವಾರ ಆರಾಮ, ಎರಡನೇ ಸಲ ಮೂರು, ಆಮೇಲೆ ಹತ್ತೇ ದಿನ. ಮೂತ್ರಪಿಂಡ ಕೆಟ್ಟರೂ ಬಾಯಿ ಹುಣ್ಣಾಗುವುದರಿಂದ ರಕ್ತ ಪರೀಕ್ಷೆ ಮಾಡಿಸಿ, ದವಡೆ ಹಲ್ಲುಗಳನ್ನೆಲ್ಲ ತೆಗೆಯಬೇಕು ಎಂದೆ.

"ಹಲ್ಲೆಲ್ಲಾ ಕಿತ್ರೆ ಏನ್ ತಿನ್ನತ್ತೆ?"

"ಈಗ ಏನ್ ತಿಂತಾ ಇದೆ ಮೇಡಂ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫಾರಂಗೆ ಸಹಿ ಹಾಕಿದರು.

ಕೆಲಸ ಮೂರು ಗಂಟೆ ಹಿಡಿಯಿತು. ಬಾಯಿ ತೆರೆದಿಡಲು ಸ್ಪ್ರಿಂಗ್ ಇರುವ ಉಪಕರಣ ಸಿಗುತ್ತದೆ, ಅದನ್ನು ನಾನು ಬೆಕ್ಕಿಗೆ ಬಳಸುವುದಿಲ್ಲ. ಬಾಯಿ ಅತಿಯಾಗಿ ಅಗಲಿಸಿದರೆ ಕಣ್ಣಿಗೂ ಮಿದುಳಿಗೂ ಹೋಗುವ ರಕ್ತನಾಳ ಅದುಮಿ, ಎದ್ದಾಗ ಬೆಕ್ಕು ಕುರುಡಾಗಿರಬಹುದು. ಸೂಜಿಯ ಪ್ಲಾಸ್ಟಿಕ್ ಮುಚ್ಚಳವನ್ನು ಎರಡೂವರೆ ಸೆಂಟಿಮೀಟರಿಗೆ ಕತ್ತರಿಸಿ ಕೋರೆಹಲ್ಲುಗಳ ನಡುವೆ ಸಿಕ್ಕಿಸುತ್ತೇನೆ, ಅದನ್ನೂ ಆಗಾಗ ತೆಗೆಯುತ್ತೇನೆ. ಬಾಯಿಗೆ ಬಿಡುವ ನೀರಿನಿಂದ ಮೈ ತಣ್ಣಗಾಗುತ್ತದೆ, ಅದಕ್ಕೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿ. ದವಡೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಬೇರಿನ ಹಲ್ಲನ್ನು ನಡುವೆ ಸೀಳಿ, ಒಂದೊಂದೇ ಬೇರನ್ನು ಬಿಡಿಸಬೇಕು. ಇಲ್ಲಿ ಬಲ ಹಾಕಿದವನು ಕೆಟ್ಟ. ಕೊನೆಗೆ ಮತ್ತೊಮ್ಮೆ ಎಕ್ಸ್‌ರೇ ತೆಗೆದು, ಏನೂ ಉಳಿದಿಲ್ಲವೆಂದು ನೋಡಿ, ತಾನಾಗಿ ಕರಗುವ ದಾರದಲ್ಲಿ ಹೊಲಿಗೆ. ಕೋರೆಹಲ್ಲು ಚೆನ್ನಾಗಿದ್ದವು, ಬಿಟ್ಟೆ.

ಹೀಗೆ ಹಲ್ಲು ತೆಗೆಸಿಕೊಂಡ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಎರಡು ಚೆನ್ನಾಗಿ ಸುಧಾರಿಸುತ್ತವೆ, ಉಳಿದವಕ್ಕೆ ಔಷಧಿ ಮುಂದುವರಿಸಬೇಕಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಡಂ ಅವರ ಬೆಕ್ಕು ಅದೃಷ್ಟದ್ದು. ಎರಡು ತಿಂಗಳಿಗೆ ಮತ್ತೆ 3.3 ಕಿಲೋ. ಪಕ್ಕದ ಮನೆಯ ಅಡುಗೆಕಟ್ಟೆಯಿಂದ ಬಂಗುಡೆ ಎಗರಿಸಿತೆಂದು ದೂರು ಬಂದಿದೆ ಅಂತ ಫೋನಲ್ಲಿ ಹೇಳಿದಾಗ ಅವರ ದನಿಯಲ್ಲಿ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು.

ಮನೆಮದ್ದಿನ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. ಬಾಯಿನೋವಿಗೆಂದು ಅರ್ಧ ಪ್ಯಾರಸಿಟಮಾಲ್ ತಿನ್ನಿಸಿ ತಂದ ಬೆಕ್ಕೊಂದರ ಒಸಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಉಳಿಸಿಕೊಳ್ಳಲಾಗಲಿಲ್ಲ. ಆ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ನಾವು ಬಳಸುವ ಟೂತ್‌ಪೇಸ್ಟೂ ಬೇಡ, ಬೆಕ್ಕಿಗೆ ಉಗುಳಲು ಬರುವುದಿಲ್ಲವಲ್ಲ. ಬೆಕ್ಕಿನ ಪೇಸ್ಟೇ ಸಿಗುತ್ತದೆ. ಮರಿಯಾಗಿದ್ದಾಗಲೇ ಬೆರಳಿಗೆ ಗಾಜ್ ಬಟ್ಟೆ ಸುತ್ತಿ, ಉಪ್ಪು ಈರುಳ್ಳಿ ಹಾಕದ ಕೋಳಿ ಬೇಯಿಸಿದ ನೀರಲ್ಲಿ ಅದ್ದಿ ಹಲ್ಲಿನ ಹೊರಮೈ ಒರೆಸಿ ಅಭ್ಯಾಸ ಮಾಡಿಸಿದರೆ ಆಮೇಲೆ ಬ್ರಷ್ಷಿಗೂ ಒಪ್ಪುತ್ತದೆ. ಈಗಾಗಲೇ ನೋವಿರುವ ಬಾಯಿಗೆ ಇದನ್ನು ಶುರು ಮಾಡಬಾರದು, ಬೆಕ್ಕು ನಿಮ್ಮ ಕೈಯನ್ನೇ ದ್ವೇಷಿಸಲು ಕಲಿಯುತ್ತದೆ. ಎರಡು ದಿನ ಏನೂ ತಿನ್ನದಿದ್ದರೆ, ಅದೂ ದಪ್ಪನೆಯ ಬೆಕ್ಕಾದರೆ, ಕಾಯಬೇಡಿ. ಯಕೃತ್ತಿಗೆ ಕೊಬ್ಬು ತುಂಬಿ ಹಲ್ಲಿಗಿಂತ ದೊಡ್ಡ ಕಾಯಿಲೆಯಾಗುತ್ತದೆ.

ಸಿಕ್ಕಿಕೊಂಡಿದೆ ಎಂದು ತಂದವರಲ್ಲಿ ಒಬ್ಬರ ಮಾತು ನಿಜವಾಗಿತ್ತು. ಮನೆಯಲ್ಲೇ ಮಲ್ಲಿಗೆ ಕಟ್ಟಿ ಮಾರುವ ಹೆಂಗಸು. ಅವರ ಬೆಕ್ಕಿನ ಗದ್ದದಡಿ ಹೆಬ್ಬೆರಳಿಂದ ಒತ್ತಿ ನಾಲಿಗೆ ಮೇಲೆತ್ತಿದರೆ, ಬುಡಕ್ಕೆ ಸುತ್ತಿಕೊಂಡು ಕೊರೆಯುತ್ತಿತ್ತು ಹೂ ಕಟ್ಟುವ ದಾರ. ಇನ್ನೊಂದು ತುದಿ ಕರುಳಿಗೆ ಇಳಿದಿತ್ತು. "ಎಳೀಲಾ ಸಾರ್?" ಎಂದು ಕೈ ಮುಂದೆ ಚಾಚಿದರು, ತಡೆದೆ. ಎಳೆದರೆ ದಾರ ಕರುಳನ್ನು ಗರಗಸದ ಹಾಗೆ ಕುಯ್ಯುತ್ತದೆ. ನಾಲಿಗೆಯ ಕೆಳಗೆ ಕತ್ತರಿಸಿ, ಅಂದೇ ಸಂಜೆ ಹೊಟ್ಟೆ ತೆರೆದು ಮಿಕ್ಕಿದ್ದನ್ನು ತೆಗೆದೆವು. ಈಗ ಹೂ ಕಟ್ಟಿ ಮುಗಿದ ಕೂಡಲೇ ದಾರದ ಉಂಡೆಯನ್ನು ಹಾರ್ಲಿಕ್ಸ್ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸುತ್ತಾರಂತೆ.