ಹದಿನಾರು ಲೋಟ ಇಟ್ಟು ನೋಡಿದೆ

ಉಡುಪಿಯ ಮಳೆಗಾಲದಲ್ಲಿ ಲಾನಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ನೆನಪೇ ಆಗುವುದಿಲ್ಲ. ಜೂನ್‌ನಲ್ಲಿ ಟೈಮರ್ ಆಫ್ ಮಾಡಿದರೆ ಮತ್ತೆ ಅದರ ಕಡೆ ನೋಡುವುದು ದೀಪಾವಳಿ ಕಳೆದ ಮೇಲೆ. ನಾನೂ ಮೂರು ವರ್ಷ ಹಾಗೇ ಮಾಡಿದೆ. ಸ್ವಿಚ್ ಹಾಕುವುದು, ನೀರು ಚಿಮ್ಮಿದರೆ ಸರಿ ಇದೆ ಅಂತ ಒಳಗೆ ಹೋಗುವುದು.

ಕಳೆದ ಡಿಸೆಂಬರ್‌ನಲ್ಲಿ ತೆಂಗಿನ ಮರದ ಆಚೆ ಒಂದು ಚಾಪೆಯಷ್ಟು ಜಾಗದ ಹುಲ್ಲು ಒಣಗತೊಡಗಿತು. ನೀರು ಸಾಲುತ್ತಿಲ್ಲ ಅಂದುಕೊಂಡು ಟೈಮರನ್ನು 15 ನಿಮಿಷದಿಂದ 25ಕ್ಕೆ ಏರಿಸಿದೆ. ಒಣಗಿದ್ದು ಒಣಗಿಯೇ ಇತ್ತು. ಗೇಟಿನ ಹತ್ತಿರ ಮಾತ್ರ ಕಾಲಿಟ್ಟರೆ ಪಚಪಚ. ನಮ್ಮದು ಬಾವಿ ನೀರು. ಏಪ್ರಿಲ್, ಮೇ ಬಂದರೆ ಲೆಕ್ಕ ಮಾಡಿ ಪಂಪ್ ಹಾಕುವವರು ನಾವು.

ಪಕ್ಕದ ಮನೆಯವರಿಗೆ ಅಡಿಕೆ ತೋಟ ಇದೆ. ಅವರೇ ಹೇಳಿದ್ದು, "ನೀರು ಎಲ್ಲಿ ಎಷ್ಟು ಬೀಳ್ತದೆ ಅಂತ ನೋಡಿದ್ದೀರಾ ಮಾರಾಯ್ರೆ? ಏನಾದ್ರೂ ಇಟ್ಟು ಅಳೀರಿ." ಮೊದಲು ತೆಂಗಿನ ಗೆರಟೆ ಇಟ್ಟೆ. ಒಂದೊಂದರ ಬಾಯಿ ಒಂದೊಂದು ಅಗಲ, ಲೆಕ್ಕ ಸಿಗಲಿಲ್ಲ. ಆಮೇಲೆ ಅಟ್ಟದಿಂದ ಒಂದೇ ಅಳತೆಯ 16 ಸ್ಟೀಲ್ ಲೋಟ ಇಳಿಸಿ ಲಾನ್ ತುಂಬ ಇಟ್ಟೆ. ಹೆಂಡತಿ, "ಯಾರಿಗೆ ಊಟ?" ಅಂದಳು. 15 ನಿಮಿಷ ನೀರು ಬಿಟ್ಟು ಸ್ಕೇಲ್ ಇಳಿಸಿ ನೋಡಿದರೆ, ಗೇಟಿನ ಹತ್ತಿರ 11 ಮಿಲಿಮೀಟರ್, ಒಣಗಿದ ಜಾಗದಲ್ಲಿ ಬರೀ 2.

ಅಲ್ಲಿನ ಎರಡು ಪಾಪ್‌ಅಪ್ ಹೆಡ್ಡುಗಳನ್ನು, ಅಂದರೆ ನೀರು ಬಂದಾಗ ನೆಲದಿಂದ ಮೇಲೆದ್ದು ಚಿಮ್ಮುವ ತಲೆಗಳನ್ನು, ನೋಡಿದೆ. ಒಂದು ಮಳೆಗೆ ಮಣ್ಣು ಕುಸಿದು ಎರಡು ಬೆರಳು ಕೆಳಗೆ ಹೋಗಿತ್ತು. ನೀರೆಲ್ಲ ಸುತ್ತಲಿನ ಹುಲ್ಲಿಗೇ ಹೊಡೆದು ಅಲ್ಲೇ ಬೀಳುತ್ತಿತ್ತು. ಸುತ್ತ ಅಗೆದು, ಎತ್ತಿ, ನೆಲದ ಮಟ್ಟಕ್ಕೆ ನೆಟ್ಟಗೆ ನಿಲ್ಲಿಸಿ ಮಣ್ಣು ಒತ್ತಿದೆ. ಇನ್ನೊಂದರ ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಸ್ಪ್ರಿಂಗ್ ಇರುತ್ತದೆ, ಕೈಯಲ್ಲಿ ಅದುಮಿ ಹಿಡಿಯದಿದ್ದರೆ ಹಾರುತ್ತದೆ. ನೀರು ಚಿಮ್ಮುವ ತುದಿಯ, ಅಂದರೆ ನಾಜಲ್‌ನ, ಕೆಳಗಿನ ಪುಟ್ಟ ಜಾಲರಿಯಲ್ಲಿ ಕೆಂಪು ಗಸಿ, ಅದರೊಳಗೆ ಇರುವೆ ಗೂಡು! ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ ತೊಳೆದೆ. ನಾಜಲ್‌ಗೆ ಪಿನ್ ಚುಚ್ಚಲು ಹೋಗಬೇಡಿ, ತೂತು ದೊಡ್ಡದಾದರೆ ಮತ್ತೆ ಸಮವಾಗಿ ಚಿಮ್ಮುವುದಿಲ್ಲ. ನಾಜಲ್ ಹಾಕುವ ಮೊದಲು ಒಂದು ನಿಮಿಷ ಸುಮ್ನೆ ನೀರು ಬಿಡಿ. ಪೈಪಿನಲ್ಲಿದ್ದ ಮುರಕಲ್ಲಿನ ಪುಡಿ ಎಲ್ಲ ಹೊರಗೆ ಬರುತ್ತದೆ. ಪಂಪಿನ ಹತ್ತಿರದ ಫಿಲ್ಟರ್ ಕಥೆಯೂ ಅದೇ, ಬಿಚ್ಚಿ ತೊಳೆದರೆ ಮುಗಿಯಿತು.

ಗೇಟಿನ ಪಚಪಚ ಬೇರೆ ಸಮಸ್ಯೆ. ಅದು ನಮ್ಮ ಲಾನಿನ ತಗ್ಗು ಜಾಗ. ಟೈಮರ್ ನೀರು ನಿಲ್ಲಿಸಿದ ಮೇಲೂ ಅಲ್ಲಿನ ಹೆಡ್ಡು ತೊಟ್ಟಿಕ್ಕುತ್ತಿತ್ತು. ಪೈಪಿನಲ್ಲಿ ಉಳಿದ ನೀರು ತಗ್ಗಿಗೆ ಇಳಿಯುವುದಾದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಮ್ಮಲ್ಲಿ ಒಂದು ಗಂಟೆಯಾದರೂ ನಿಲ್ಲಲಿಲ್ಲ. ಅಂದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಟ್ಯಾಂಕಿನ ಗೇಟ್ ವಾಲ್ವ್ ಬಂದ್ ಮಾಡಿ, ಟೈಮರ್ ಹೇಳಿದಂತೆ ಕರೆಂಟಿನಲ್ಲಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವಿನ ಸ್ಕ್ರೂ ಬಿಚ್ಚಿದೆ. ನೀರು ತಡೆಯುವ ರಬ್ಬರ್ ಪೊರೆಯ (ಡಯಾಫ್ರಮ್) ಕೆಳಗೆ ಒಂದೇ ಒಂದು ಮರಳಿನ ಕಾಳು. ಅಷ್ಟಕ್ಕೆ ತಿಂಗಳಿಡೀ ನೀರು ಹೋಗಿತ್ತು.

ಮತ್ತೆ ಲೋಟ ಇಟ್ಟೆ. ಎಲ್ಲ ಕಡೆ 8ರಿಂದ 10 ಮಿಲಿಮೀಟರ್ ಬಂತು. ಟೈಮರನ್ನು 12 ನಿಮಿಷಕ್ಕೆ ಇಳಿಸಿದೆ, ಬೆಳಗ್ಗೆ 5.30ಕ್ಕೆ. ಮಧ್ಯಾಹ್ನ ಬಿಟ್ಟರೆ ಬಿಸಿಲಿಗೆ ಒಂದಿಷ್ಟು, ಕಡಲ ಗಾಳಿಗೆ ಒಂದಿಷ್ಟು ಹೋಗುತ್ತದೆ.

ಕಾಂಪೌಂಡ್ ಪಕ್ಕದ ಹೆಡ್ಡು ಈಗಲೂ ಗೋಡೆಗೇ ನೀರು ಹಾಕುತ್ತಿದೆ, ಪಾಚಿ ಚೆನ್ನಾಗಿ ಬಂದಿದೆ. ಅದಕ್ಕೆ ಅರ್ಧ ಸುತ್ತಿನ ನಾಜಲ್ ಬೇಕು. ಅಂಗಡಿಯವರು ಮುಂದಿನ ವಾರ ಬನ್ನಿ ಅಂದಿದ್ದಾರೆ. ಇದು ಮೂರನೇ ಮುಂದಿನ ವಾರ.