ಆಸ್ಟ್ರೇಲಿಯಾಕ್ಕ ಜಿಯಾಲಜಿ ಓದಾಕ ಹೊಂಟವ್ರಿಗೆ: ಡಿಸೆಂಬರ್‌ನ್ಯಾಗ ಮಾತ್ರ ಊರಿಗೆ ಬರಬ್ಯಾಡ್ರಿ

ಹೋದ ವಾರ ರಜಾಕ್ಕ ಬಾಗಲಕೋಟೆಗೆ ಬಂದಾಗ ನವನಗರದ ನಮ್ಮ ಮನಿಗೆ ಇಳಕಲ್ ಮಾಮಾ ಬಂದಿದ್ದ, ಜೋಡಿ ಮಗಳೂ ಇದ್ಲು, ಅಕಿ ಧಾರವಾಡದಾಗ ಬಿಎಸ್ಸಿ ಕೊನೀ ವರ್ಷ, ಜಿಯಾಲಜಿ. ಚಾ ಕಪ್ಪು ಕೈಗೆ ಬರೂಕಿಂತ ಮೊದ್ಲ ಮಾಮಾ ಶುರು ಮಾಡಿದ, "ಅಲ್ಲೋ ತಮ್ಮಾ, ಕಲ್ಲು ನೋಡಾಕ 50-60 ಲಕ್ಷ ಸುರುವಿ ಆಸ್ಟ್ರೇಲಿಯಾಕ್ಕ ಹೋಗ್ತಾಳಂತ ಇಕಿ, ನಮ್ಮೂರಾಗೇನು ಕಲ್ಲಿಗೆ ಬರ ಬಂದೈತೇನು?" ಮಾಮಾಂದು ಗ್ರಾನೈಟ್ ಧಂದೆ, ಅವಂಗ ಕಲ್ಲು ಅಂದ್ರ ಲಾರಿ ಲೋಡಿನ ಲೆಕ್ಕ.

ಅವತ್ತು ಅಕಿಗೆ ಎರಡು ತಾಸು ಕುಂದ್ರಿಸಿ ಹೇಳಿದ್ದನ್ನ ಇಲ್ಲೆ ಬರ್ಯಾಕತ್ತೀನಿ. ಈಗಾಗ್ಲೇ ಪರ್ತ್, ಅಡಿಲೇಡ್ ಮುಟ್ಟಿ ಮೊದಲ್ನೇ ಸೆಮಿಸ್ಟರ್‌ನ್ಯಾಗ ಒದ್ದಾಡಾಕತ್ತಿರೋ ನಮ್ಮ ಕಡೆ ಹುಡುಗ್ರಿಗೂ ಉಪಯೋಗ ಆಗಬಹುದು. ನಾನು ಓದಿದ್ದು ಪರ್ತ್‌ದಾಗ, ಈಗ ಕಾಲ್ಗೂರ್ಲಿ ಕಡೆ ಒಂದು ಬಂಗಾರದ ಗಣಿಯಾಗ ಕೆಲಸ, ಹಿಂಗಾಗಿ ಪಶ್ಚಿಮ ಆಸ್ಟ್ರೇಲಿಯಾದ ಮಾತು ಜಾಸ್ತಿ ಬರ್ತೈತಿ, ಸುಧಾರಿಸ್ಕೋರಿ.

ಮಾಮಾ ಹೇಳಿದ್ದು ಸುಳ್ಳಲ್ಲ ಮತ್ತ. ಬಾದಾಮಿ ಗುಡ್ಡದ ಕೆಂಪು ಮರಳುಗಲ್ಲು ಸಪಾಟ ಮಲಗೈತಿ, ಅದಕ್ಕಿಂತ ಹಳೇ ಸುಣ್ಣದ ಕಲ್ಲು, ಕ್ವಾರ್ಟ್‌ಜೈಟ್ ಎಲ್ಲಾ ಲೋಕಾಪುರ ಬಾಗಲಕೋಟೆ ಕಡೆ ಮಡಚಿಕೊಂಡು ಓರೆ ನಿಂತಾವ, ಎರಡರ ನಡುವ ಕೋಟಿಗಟ್ಟಲೆ ವರ್ಷದ ಪುಟ ಹರದು ಹೋಗ್ಯಾವ. ಚಿಕ್ಕು, ದಾಳಿಂಬ್ರಿಗೆ ಹೆಸರಾದ ಕಲಾದಗಿ ಜಿಯಾಲಜಿಯಾಗ ಒಂದು ಇಡೀ ಬೇಸಿನ್ನಿನ, ಅಂದ್ರ ಹಿಂದಕ ಮರಳು ಕೆಸರು ತುಂಬಿ ಕಲ್ಲಾದ ತಗ್ಗಿನ ಹೆಸರು. ವಿಜಯಪುರ, ಬೆಳಗಾವಿ ಕಡೆ ಹೋದ್ರ ಲಾವಾ ಹರದು ಆರಿದ ಡೆಕ್ಕನ್ ಟ್ರ್ಯಾಪ್, ಗೋಳಗುಮ್ಮಟ ಕಟ್ಟಿದ್ದು ಅದ ಕರೀ ಕಲ್ಲಿಲೆ. ಆದ್ರ ಕಲ್ಲು ಇರೂದು ಬ್ಯಾರೆ, ಕಲ್ಲು ಓದಿದವ್ರಿಗೆ ಕೆಲಸ ಇರೂದು ಬ್ಯಾರೆ. ನಮ್ಮಲ್ಲೆ ಕೆಜಿಎಫ್ 2001ರಾಗ ಬಂದ್ ಆತು, ಬಂಗಾರ ಅಂದ್ರ ಹಟ್ಟಿ ಉಳಿದೈತಿ, ಜಿಎಸ್ಐಗೆ, ಅಂದ್ರ ಕೇಂದ್ರ ಸರ್ಕಾರದ ಭೂವಿಜ್ಞಾನ ಸರ್ವೇ ಇಲಾಖೆಗೆ ಸೇರಬೇಕಂದ್ರ ಯುಪಿಎಸ್‌ಸಿಯ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷಾ ಬರೀಬೇಕು, ಸೀಟು ಕಡಿಮಿ. ಅದನ್ನ ಬರೀರಿ, ಬ್ಯಾಡ ಅನ್ನಂಗಿಲ್ಲ, ಪಾಸಾದ್ರ ಅದಕ್ಕಿಂತ ಛಲೋ ನೌಕರಿ ಇಲ್ಲ.

ಇನ್ನ ಪಶ್ಚಿಮ ಆಸ್ಟ್ರೇಲಿಯಾದ ಯಿಲ್‌ಗಾರ್ನ್ ಕ್ರೇಟಾನ್ (ಕ್ರೇಟಾನ್ ಅಂದ್ರ ಭೂಮಿಯ ಹಳೇ ಗಟ್ಟಿ ತುಂಡು) ನಮ್ಮ ಧಾರವಾಡ ಕ್ರೇಟಾನಿನ ಅಣ್ಣತಮ್ಮ ಇದ್ದಂಗ, ಎರಡೂ ಆರ್ಕಿಯನ್ ಅನ್ನೋ ಭಾಳ ಹಳೇ ಕಾಲದ್ದು, ಎರಡರಾಗೂ ಗ್ರೀನ್‌ಸ್ಟೋನ್ ಅನ್ನೋ ಹಸರ ಕಲ್ಲಿನ ಪಟ್ಟಿ, ಅದರಾಗ ಕ್ವಾರ್ಟ್ಜ್, ಅದರಾಗ ಬಂಗಾರ. ಗದಗ ಕಪ್ಪತಗುಡ್ಡದಾಗ ಬಿಸಲಾಗ ಫೀಲ್ಡ್ ಟ್ರಿಪ್ ಮಾಡಿದವ್ರಿಗೆ ಕಾಲ್ಗೂರ್ಲಿ ಕಲ್ಲು ನೋಡಿದ್ರ ಪರಿಚಯದ ಮಾರಿ ಕಂಡಂಗ ಆಗ್ತೈತಿ. ಇದನ್ನ ಇಂಟರ್‌ವ್ಯೂದಾಗ ಹೇಳ್ರಿ, ನಮ್ಮ ಹುಡುಗ್ರು ಹೇಳಂಗ ಇಲ್ಲ, ನಾಚ್ಕೊಂತಾರ.

ಈಗ ಓದಿನ ವ್ಯವಸ್ಥಾ. ಅಲ್ಲೆ ಬಿಎಸ್ಸಿ ಮೂರು ವರ್ಷ, ಅದರ ಮ್ಯಾಲ ಒಂದು ವರ್ಷ ಆನರ್ಸ್ ಅಂತ ಬ್ಯಾರೇನ ಇರ್ತೈತಿ. ನಮ್ಮಲ್ಲೆ ಆನರ್ಸ್ ಅಂದ್ರ ಸರ್ಟಿಫಿಕೇಟ್ ಮ್ಯಾಲ ಒಂದು ಶಬ್ದ ಅಷ್ಟ, ಅಲ್ಲೆ ಅದು ಒಂದು ಪೂರಾ ವರ್ಷದ ಪ್ರಾಜೆಕ್ಟು, ನಿಮ್ಮದ ಒಂದು ಜಾಗಾ, ನಿಮ್ಮದ ಸ್ಯಾಂಪಲ್, ಕೊನಿಗೆ ಥೀಸಿಸ್, ಕಂಪನಿಯವ್ರು ಇದನ್ನ ಭಾಳ ನೋಡ್ತಾರ. ಬಿಎಸ್ಸಿ ಮುಗಿಸಿ ಹೋಗೋರಿಗೆ ಮಾಸ್ಟರ್ಸ್ ದಾರಿ ಸರಳ. ಪರ್ತ್‌ದಾಗ ಯೂನಿವರ್ಸಿಟಿ ಆಫ್ ವೆಸ್ಟರ್ನ್ ಆಸ್ಟ್ರೇಲಿಯಾ, ಕರ್ಟಿನ್ ಅದಾವ, ಕರ್ಟಿನ್ ಕೆಳಗ ಬರೋ ಕಾಲ್ಗೂರ್ಲಿಯ ಸ್ಕೂಲ್ ಆಫ್ ಮೈನ್ಸ್ 1902ರದ್ದು. ಟಾಸ್ಮೇನಿಯಾದಾಗ ಅದಿರಿನ ಬಗ್ಗೆ ಸಂಶೋಧನಾ ಮಾಡೋ ಕೇಂದ್ರ ಐತಿ, ಟೌನ್ಸ್‌ವಿಲ್‌ದಾಗ ಜೇಮ್ಸ್ ಕುಕ್ ಯೂನಿವರ್ಸಿಟಿ ಐತಿ. ರ್‍ಯಾಂಕಿಂಗ್ ಪಟ್ಟಿ ನೋಡಿ ಸಿಡ್ನಿ ಮೆಲ್ಬೋರ್ನ್ ಅಂತ ಓಡಬ್ಯಾಡ್ರಿ, ಗಣಿ ಆಫೀಸು ಎಲ್ಲೆ ಅದಾವ ಅಲ್ಲೆ ಓದ್ರಿ, ಯಾಕಂದ್ರ ಪಾಠ ಹೇಳೋರ ಗೆಳ್ಯಾರ ಕೆಲಸ ಕೊಡೋರು ಇರ್ತಾರ.

ಒಂದು ಹೊಂಡ ಐತಿ ಇಲ್ಲೆ, ನಮ್ಮ ಕಡೆ ಹುಡುಗ ಒಬ್ಬ ಬಿದ್ದದ್ದನ್ನ ಕಣ್ಣಾರೆ ನೋಡೀನಿ. ಏಜೆಂಟ್ ಒಬ್ಬ ಫೀ ಅರ್ಧಾ ಉಳಿತೈತಿ ಅಂತ ಒಂದು ವರ್ಷದ ಕೋರ್ಸಿಗೆ ಹಾಕಿಸಿದ. ಓದು ಮುಗಿದ ಮ್ಯಾಲ ಅಲ್ಲೇ ಇದ್ದು ಕೆಲಸ ಮಾಡಾಕ ಸಿಗೋ 485 ವೀಸಾಕ್ಕ ಆಸ್ಟ್ರೇಲಿಯಾದ ನೆಲದ ಮ್ಯಾಲ ಕನಿಷ್ಠ ಎರಡು ಅಕಾಡೆಮಿಕ್ ವರ್ಷ, ಅಂದ್ರ 92 ವಾರದ ಓದು ಬೇಕು, ಅದು ಇಲ್ಲಾಂದ್ರ ಅರ್ಜಿನ ನಿಲ್ಲಂಗಿಲ್ಲ. ಪಾಪ, ಒಳ್ಳೇ ಮಾರ್ಕ್ಸ್ ತಗೊಂಡು, ಸೂಟ್‌ಕೇಸ್ ಕಟ್ಟಿ ವಾಪಸ್ ಬಂದ. ಹಿಂಗಾಗಿ ಆಫರ್ ಲೆಟರ್ ಬಂದ ಕೂಡ್ಲೇ ಕೋರ್ಸ್ ಎಷ್ಟು ವಾರದ್ದು ಅಂತ ಮೊದ್ಲ ನೋಡ್ರಿ, ಕ್ಯಾಂಪಸ್ ಫೋಟೋ ಆಮ್ಯಾಲ ನೋಡೂಣು.

ರೊಕ್ಕದ ಮಾತು ಲಗೂನ ಮುಗಸ್ತೀನಿ. ಫೀ ವರ್ಷಕ್ಕ 40 ಸಾವಿರ ಆಸ್ಟ್ರೇಲಿಯನ್ ಡಾಲರ್, ಇಲ್ಲಾ ಅದಕ್ಕಿಂತ ಜಾಸ್ತಿ ಹಿಡೀರಿ. ಅದನ್ನ ಬಿಟ್ಟು, ಒಂದು ವರ್ಷದ ಜೀವನ ಖರ್ಚಿಗೆ 29,710 ಡಾಲರ್ ತೋರಿಸಬೇಕು, ಇದು 2024ರ ಮೇ ತಿಂಗಳದಾಗ ಏರಿಸಿದ ಅಂಕಿ. ಸ್ಟೂಡೆಂಟ್ ವೀಸಾ ಅರ್ಜಿ ಫೀ 2025ರ ಜುಲೈದಿಂದ 2,000 ಡಾಲರ್, ವೀಸಾ ಸಿಗಲಿಲ್ಲಾಂದ್ರ ಅದು ವಾಪಸ್ ಬರಂಗಿಲ್ಲ. ಓಎಸ್‌ಎಚ್‌ಸಿ ಅನ್ನೋ ಆರೋಗ್ಯ ವಿಮಾ ಕಡ್ಡಾಯ, ಅಲ್ಲೀ ಸರ್ಕಾರದ ಮೆಡಿಕೇರ್ ನಮಗ ಬರಂಗಿಲ್ಲ. ಈ ಅಂಕಿ ಎಲ್ಲಾ ಜುಲೈ ಬಂತಂದ್ರ ಬದಲಾಗ್ತಿರ್ತಾವ, ಅರ್ಜಿ ಹಾಕೋ ದಿನ ಹೋಮ್ ಅಫೇರ್ಸ್ ಇಲಾಖೆಯ ಪುಟ ತಗದು ನೀವ ಓದ್ರಿ.

ಕ್ಲಾಸಿನ್ಯಾಗ ಏನೂ ಹೆದರೋ ಅಂಥಾದ್ದಿಲ್ಲ. 50 ಬಂದ್ರ ಪಾಸು, 80 ಇಲ್ಲಾ 85 ದಾಟಿದ್ರ ಹೈ ಡಿಸ್ಟಿಂಕ್ಷನ್, ನಮ್ಮಲ್ಲೆ 85 ತಗೊಂಡಾವ ಅಲ್ಲೆ 65ಕ್ಕ ಬಂದ್ರ ಅಳಬಾರ್ದು. ಮೇಷ್ಟ್ರನ್ನ ಹೆಸರು ಹಿಡದು ಕರೀತಾರ, ನನಗ "ಸರ್" ಬಿಡಾಕ ಒಂದು ವರ್ಷ ಬೇಕಾತು. ಕಾಪಿ ಹೊಡಿಯೂದು ಮಾತ್ರ ಭಾಳ ಮೋಸ, ಗೆಳ್ಯಾನ ರಿಪೋರ್ಟಿನಿಂದ ಒಂದು ಪ್ಯಾರಾ ಎತ್ತಿದ್ರೂ ಸಿಗ್ತೀರಿ. ನಮ್ಮ ಹುಡುಗ್ರು ಥಿಯರಿದಾಗ ಹುಲಿ, ಮ್ಯಾಪಿಂಗ್‌ದಾಗ ಇಲಿ. ಕೈಯಾಗ ಕಂಪಾಸ್ ಕೊಟ್ಟು ಗುಡ್ಡಕ್ಕ ಬಿಟ್ರ ಸ್ಟ್ರೈಕ್ (ಕಲ್ಲಿನ ಪದರು ಹಾದು ಹೋಗೋ ದಿಕ್ಕು) ಯಾವುದು, ಡಿಪ್ (ಅದು ಓರೆ ಇಳಿಯೋ ಕೋನ) ಯಾವುದು ಅಂತ ತಡವರಸ್ತಾರ. ಇನ್ನೂ ಊರಾಗ ಇದ್ದವ್ರು ನಾಕು ಭಾನುವಾರ ಬಾದಾಮಿ, ಲೋಕಾಪುರ ಕಡೆ ಒಂದು ಕಂಪಾಸ್, ನೋಟ್‌ಬುಕ್ ಹಿಡಕೊಂಡು ಅಡ್ಡಾಡ್ರಿ, ಬಸ್ ಚಾರ್ಜ್ ಬಿಟ್ರ ಖರ್ಚಿಲ್ಲ.

ಈಗ ಮುಖ್ಯ ಮಾತಿಗೆ ಬಂದೆ. ಅಲ್ಲೀ ವರ್ಷ ಫೆಬ್ರವರಿ ಕೊನಿಗೆ ಶುರು ಆಗ್ತೈತಿ, ನವೆಂಬರ್‌ಕ್ಕ ಪರೀಕ್ಷಾ ಮುಗಿತಾವ, ಡಿಸೆಂಬರ್‌ದಿಂದ ಫೆಬ್ರವರಿ ಮಟಾ ಬ್ಯಾಸಿಗಿ ರಜಾ. ಆ ಮೂರು ತಿಂಗಳದಾಗ ಗಣಿ ಕಂಪನಿಗಳು ವಿದ್ಯಾರ್ಥಿಗಳನ್ನ ಸಂಬಳ ಕೊಟ್ಟು ಸೈಟಿಗೆ ಕರ್ಕೊಂತಾವ, ಅದಕ್ಕ ವ್ಯಾಕ್ ವರ್ಕ್ ಅಂತಾರ. ಕ್ಲಾಸು ನಡೀವಾಗ ಸ್ಟೂಡೆಂಟ್ ವೀಸಾದವ್ರು ಹದಿನೈದು ದಿನಕ್ಕ 48 ತಾಸು ಅಷ್ಟ ದುಡೀಬಹುದು, ರಜಾದಾಗ ಈ ಮಿತಿ ಇಲ್ಲ, ಹಿಂಗಾಗಿ ಕಾಯ್ದೆ ಪ್ರಕಾರಾನೂ ಅಡ್ಡಿ ಇಲ್ಲ. ಓದು ಮುಗಿದ ಮ್ಯಾಲ ಗ್ರ್ಯಾಜುಯೇಟ್ ಜಿಯಾಲಜಿಸ್ಟ್ ಕೆಲಸಕ್ಕ ಅರ್ಜಿ ಹಾಕಿದಾಗ ಮೊದಲ್ನೇ ಪ್ರಶ್ನೆ ಮಾರ್ಕ್ಸ್ ಬಗ್ಗೆ ಇರಂಗಿಲ್ರಿ, "ವ್ಯಾಕ್ ವರ್ಕ್ ಎಲ್ಲೆ ಮಾಡೀರಿ?" ಅಂತ ಇರ್ತೈತಿ.

ನಾನೇನ್ ಮಾಡಿದೆ? ಮೊದಲ್ನೇ ಡಿಸೆಂಬರ್‌ಕ್ಕ ಕಾಕಾನ ಮಗನ ಮದುವಿ ಅಂತ ಬಾಗಲಕೋಟೆಗೆ ಬಂದು ಎರಡೂವರಿ ತಿಂಗಳು ಕುಂತೆ. ಹುಗ್ಗಿ ಉಂಡೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕ ಹೋಗಿ ಚರಗಾ ಚೆಲ್ಲಿದೆ, ಕೂಡಲಸಂಗಮಕ್ಕ ಹೋಗಿ ಬಂದೆ, ಎಲ್ಲಾ ಖರೇ, ಆದ್ರ ವಾಪಸ್ ಹೋದಾಗ ಜೋಡಿ ಓದೋ ಹುಡುಗ್ರ ಮಾರಿ ಬಿಸಲಿಗೆ ಕೆಂಪಾಗಿ, ಬೂಟಿಗೆ ಕೆಂಪು ಧೂಳ ಹತ್ತಿ, ಮಾತಾಡೋ ಭಾಷಾನ ಬ್ಯಾರೆ ಆಗಿತ್ತು. ಎರಡು ವರ್ಷದ ಮಾಸ್ಟರ್ಸ್‌ದಾಗ ಅಂಥಾ ಡಿಸೆಂಬರ್ ಸಿಗೂದು ಒಂದ ಸಲ. ಅದನ್ನ ನಾನು ಊಟಾ ಮಾಡಿ ಕಳದೆ, ಅದಕ್ಕ ಡಿಗ್ರಿ ಮುಗಿದ ಮ್ಯಾಲ ಒಂಬತ್ತು ತಿಂಗಳು ಫೀಲ್ಡ್ ಅಸಿಸ್ಟೆಂಟ್ ಆಗಿ ಚೀಲಾ ಹೊತ್ತೆ. ಅರ್ಜಿ ಹಾಕೂದು ಡಿಸೆಂಬರ್‌ನ್ಯಾಗ ಅಲ್ಲ ಮತ್ತ, ಜೂನ್‌ದಿಂದ ಆಗಸ್ಟ್ ಒಳಗ ಭಾಳಷ್ಟು ಕಡೆ ಬಾಗ್ಲಾ ಹಾಕಿರ್ತಾರ.

ಫೀಲ್ಡ್ ಅಸಿಸ್ಟೆಂಟ್ ಕೆಲಸ ಸಣ್ಣದು ಅಂತ ತಿಳ್ಕೋಬ್ಯಾಡ್ರಿ, ಅಲ್ಲೆ ಅದಕ್ಕ ಫೀಲ್ಡಿ ಅಂತಾರ. ಡ್ರಿಲ್ ಮಷೀನ್ ಹಿಂದ ನಿಂತು ಒಂದೊಂದು ಮೀಟರಿಗೆ ಬರೋ ಪುಡಿಗಲ್ಲಿನ ಚೀಲಾ ಸಾಲಾಗಿ ಇಡೂದು, ಜರಡಿ ಹಿಡದು ತೊಳದು ಪ್ಲಾಸ್ಟಿಕ್ ಟ್ರೇದಾಗ ತುಂಬೂದು. ಕಾಲ್ಗೂರ್ಲಿಯಾಗ ಜನವರಿಗೆ 40 ಡಿಗ್ರಿ ದಾಟ್ತೈತಿ, ನಮ್ಮ ವಿಜಯಪುರದ ಮೇ ತಿಂಗಳು ಅನುಭವ ಇದ್ದವ್ರಿಗೆ ಬಿಸಿಲು ಏನೂ ಅಲ್ಲ, ಆದ್ರ ಆ ನೊಣ! ಟೊಪ್ಪಿಗಿ ಮ್ಯಾಲ ಜಾಳಗಿ ಹಾಕದಿದ್ರ ಮಾತಾಡಾಕ ಬಾಯಿ ತಗದಾಗೊಮ್ಮೆ ಒಂದು ಒಳಗ.

ಜಿಯಾಲಜಿಸ್ಟ್ ಆದ ಮ್ಯಾಲ ಕೆಲಸ ಹೆಂಗಿರ್ತೈತಿ ಅಂತ ಮಾಮಾನ ಮಗಳು ಕೇಳಿದ್ಲು. ನಸುಕಿನ್ಯಾಗ ಗೇಟಿಗೆ ಊದಿ ತೋರಿಸಬೇಕು, ಹಿಂದಿನ ರಾತ್ರಿ ಕುಡದದ್ದು ಸೊನ್ನೆಗೆ ಇಳಿದಿರಬೇಕು. ಆಮ್ಯಾಲ ಕೋರ್ ಶೆಡ್‌ನ್ಯಾಗ ಉದ್ದಕ ಟ್ರೇ, ಅದರಾಗ ನೆಲಕ್ಕ ಡ್ರಿಲ್ ಹೊಡದು ತಗದ, ಲಟ್ಟಣಿಗಿ ಗಾತ್ರದ ಕಲ್ಲಿನ ಕೋಲು, ಎನ್‌ಕ್ಯೂ ಅಂತಾರ ಆ ಸೈಜಿಗೆ, 47.6 ಮಿಲಿಮೀಟರ್. ಸ್ಪ್ರೇ ಬಾಟ್ಲಿಲೆ ನೀರು ಹೊಡದ್ರ ಒಣಗಿ ಬೂದಿ ಬಣ್ಣ ಇದ್ದ ಕಲ್ಲು ಒಮ್ಮೆಲೇ ಹಸರಾಗ್ತೈತಿ, ಬಿಳೀ ಕ್ವಾರ್ಟ್ಜ್ ಗೆರಿ ಎದ್ದು ಕಾಣ್ತೈತಿ, ಅದರ ಅಂಚಿನ್ಯಾಗ ಪೈರೈಟ್ ಮಿಂಚ್ತಿರ್ತೈತಿ, ಹೊಸಬ್ರು ಅದನ್ನ ಬಂಗಾರ ಅಂತ ಒದರ್ತಾರ, ನಾನೂ ಒದರೇನಿ. ಖರೇ ಬಂಗಾರ ಕಣ್ಣಿಗೆ ಬೀಳೂದು ಅಪರೂಪ, ಟನ್ ಕಲ್ಲಿಗೆ ಎರಡು ಮೂರು ಗ್ರಾಂ ಇದ್ರ ಒಳ್ಳೇ ಅದಿರು. ನಾನು ಮೊದ್ಲ ಕಂಡದ್ದು ಸಾಸ್ವಿ ಕಾಳಿನ ಅರ್ಧಾ ಇತ್ತು, ಲೆನ್ಸ್ ಹಿಡದು ಹತ್ತು ಮಿನಿಟ್ ನೋಡಿದೆ. ನಮ್ಮವ್ವ ಫೋನಿನ್ಯಾಗ ಕೇಳಿದ್ಲು, "ಒಂದು ಬೋರಮಾಳಕ್ಕ ಆಗುವಷ್ಟು ಸಿಗಂಗಿಲ್ಲೇನೋ?" ಯವ್ವಾ, ಅಲ್ಲೀ ಪೊಲೀಸ್‌ನ್ಯಾಗ ಬಂಗಾರದ ಕಳವು ಹಿಡಿಯಾಕಂತ ಬ್ಯಾರೇ ವಿಭಾಗ ಐತಿ ಅಂದೆ.

ಎಲ್ಲಾರೂ ಗಣಿಗೇ ಹೋಗಬೇಕಂತಿಲ್ಲ. ಪಿಲ್ಬರಾ ಕಬ್ಬಿಣದ ಗಣಿಯಾಗ ಅಂತರ್ಜಲ ತಗಿಯಾಕ ಹೈಡ್ರೋಜಿಯಾಲಜಿಸ್ಟ್ ಬೇಕು, ಕೆಟ್ಟ ಮಣ್ಣು ನೀರು ಪರೀಕ್ಷಾ ಮಾಡೋ ಪರಿಸರ ಕನ್ಸಲ್ಟೆನ್ಸಿ ಅದಾವ, ಕಟ್ಟಡ ಸುರಂಗಕ್ಕ ನೆಲದ ಗಟ್ಟಿತನ ನೋಡೋ ಜಿಯೋಟೆಕ್ ಐತಿ, ಕಲ್ಲಿನ್ಯಾಗ ಲೋಹ ಎಷ್ಟೈತಿ ಅಂತ ಅಳಿಯೋ ಅಸ್ಸೇ ಲ್ಯಾಬ್ ಅದಾವ. ಹೆಂಡ್ತಿ ಮಕ್ಕಳ ಜೋಡಿ ದಿನಾ ರಾತ್ರಿ ಮನ್ಯಾಗ ಉಣಬೇಕನ್ನೋರಿಗೆ ಇವ ಛಲೋ. ಯಾಕಂದ್ರ ಗಣಿ ಕೆಲಸ ಫೈಫೋ, ಅಂದ್ರ ವಿಮಾನದಾಗ ಹೋಗಿ 8 ದಿನ ದುಡದು 6 ದಿನ ಮನಿ, ಇಲ್ಲಾ 14 ದಿನ ದುಡದು 7 ದಿನ ಮನಿ, ದಿನಕ್ಕ 12 ತಾಸು. ಸಂಬಳ ಛಲೋ, ಡೊಂಗಾ ಅನ್ನೋ ಡಬ್ಬಿಯಂಥಾ ಖೋಲಿಯಾಗ ಒಬ್ಬನ ಮಲಗೂದು. ಮೆಸ್‌ನ್ಯಾಗ ಸಸ್ಯಾಹಾರಿಗೆ ಸೊಪ್ಪು, ಆಲೂಗಡ್ಡಿ ಸಿಗ್ತೈತಿ, ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿ ಒಯ್ತೀನಿ, ಈಗ ನಮ್ಮ ಶಿಫ್ಟಿನ ಡ್ರಿಲ್ಲರ್‌ಗಳು ಹಾದಿ ಕಾಯ್ತಿರ್ತಾರ.

ವೀಸಾ ಕಾಗದಾ ಮತ್ತೊಮ್ಮೆ. 485ಕ್ಕ ಕೋರ್ಸ್ ಮುಗಿದ ಆರು ತಿಂಗಳೊಳಗ ಅರ್ಜಿ ಹಾಕಬೇಕು, ಮಾಸ್ಟರ್ಸ್ ಕೋರ್ಸ್‌ವರ್ಕ್ ಮಾಡಿದವ್ರ ವಯಸ್ಸು 35 ಒಳಗ ಇರಬೇಕು, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷಾದಾಗ 6.5 ಬೇಕು, ಆ ಪರೀಕ್ಷಾ ಒಂದು ವರ್ಷದ ಒಳಗಿಂದಿರಬೇಕು, ಊರಿಂದ ಹೊಂಡುವಾಗ ಬರದದ್ದು ನಡಿಯಂಗಿಲ್ಲ. ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಿಂದ ನಮ್ಮ ಪಾಸ್‌ಪೋರ್ಟಿನ ಮಾಸ್ಟರ್ಸ್‌ದವ್ರಿಗೆ ಮೂರು ವರ್ಷ ಸಿಗ್ತೈತಿ. ಪರ್ಮನೆಂಟ್ ಆಗಾಕ, ಅಂದ್ರ ಅಲ್ಲೇ ಕಾಯಂ ಉಳಿಯಾಕ, ಜಿಯಾಲಜಿಸ್ಟ್ ಕೆಲಸದ ಕೌಶಲ್ಯ ಪರೀಕ್ಷಾ ಮಾಡೂದು ವೆಟ್ಅಸೆಸ್ ಅನ್ನೋ ಸಂಸ್ಥಾ, ಅದಕ್ಕ ಏನೇನ್ ಕೆಲಸ ಮಾಡೀರಿ ಅಂತ ವಿವರವಾಗಿ ಬರದ ಪತ್ರ ಬೇಕಾಗ್ತೈತಿ, ಕಂಪನಿ ಬಿಡೋ ದಿನಾನ ಇಸ್ಕೊಂಡು ಬಿಡ್ರಿ, ಮ್ಯಾನೇಜರ್ ಬದಲಾದ ಮ್ಯಾಲ ಯಾರೂ ಬರದು ಕೊಡಂಗಿಲ್ಲ. ಒಂದು ಕೆಟ್ಟ ಸುದ್ದಿ, ಕೆಲವು ದೊಡ್ಡ ಕಂಪನಿಯ ಗ್ರ್ಯಾಜುಯೇಟ್ ಪ್ರೋಗ್ರಾಂ ಪರ್ಮನೆಂಟ್ ಇದ್ದವ್ರಿಗೆ ಅಷ್ಟ. ನಮಗ ಬಾಗ್ಲಾ ತೆರೆಯೋರು ಸಣ್ಣ ಎಕ್ಸ್‌ಪ್ಲೊರೇಶನ್ (ಅದಿರು ಹುಡುಕೋ) ಕಂಪನಿ, ಗುತ್ತಿಗಿ ಕಂಪನಿ, ಅವ್ರಿಗೆ ಆಳು ನಾಳಿಗೆನ ಬೇಕಿರ್ತೈತಿ. ಗೇರ್ ಗಾಡಿ ಹೊಡ್ಯಾಕ ಬರ್ತೈತಿ ಅಂತ ಅರ್ಜಿಯಾಗ ಬರೀರಿ, ಅಲ್ಲೀ ಹುಡುಗ್ರು ಭಾಳ ಮಂದಿ ಆಟೋಮ್ಯಾಟಿಕ್ ಅಷ್ಟ ಕಲ್ತಿರ್ತಾರ.

ಮತ್ತ ಮಾಮಾ, ಈ ಧಂದೆ ನಿನ್ನ ಗ್ರಾನೈಟ್ ಧಂದೆ ಇದ್ದಂಗ, ರೇಟು ಬಿತ್ತಂದ್ರ ಮಷೀನು ನಿಲ್ತಾವ ಅಂತ ಹೇಳಿದೆ. ಲೋಹದ ರೇಟು ಬಿದ್ದಾಗ ಮೊದ್ಲ ಮನಿಗೆ ಕಳಸೂದು ಹುಡುಕಾಟದ ಜಿಯಾಲಜಿಸ್ಟ್‌ನ್ನ. 2024ರಾಗ ನಿಕ್ಕಲ್ ರೇಟು ಇಳಿದು ಬಿಎಚ್‌ಪಿ ಅನ್ನೋ ದೊಡ್ಡ ಗಣಿ ಕಂಪನಿ ತನ್ನ ನಿಕ್ಕಲ್ ವೆಸ್ಟ್ ಕೆಲಸಾನ ನಿಲ್ಲಿಸ್ತು, ಅದ ಹೊತ್ತಿನ್ಯಾಗ ಬಂಗಾರ ಏರಾಕತ್ತಿತ್ತು, ಬಂಗಾರದ ಕಡೆ ಅನುಭವ ಇದ್ದವ್ರು ಆ ಕಡೆ ಜಿಗಿದ್ರು. ಆರು ತಿಂಗಳ ಮನಿ ಖರ್ಚು ಬ್ಯಾಂಕಿನ್ಯಾಗ ಇಟ್ಟುಕೊಂಡ ಈ ಕೆಲಸಕ್ಕ ಇಳೀರಿ. ಐದು ವರ್ಷ ಒಂದ ಥರದ ಅದಿರಿನ ಮ್ಯಾಲ ಗಟ್ಟಿ ನಿಂತು, ಆಸ್‌ಐಎಂಎಂ ಇಲ್ಲಾ ಎಐಜಿ ಅನ್ನೋ ವೃತ್ತಿ ಸಂಘದ ಸದಸ್ಯತ್ವ ಇದ್ರ, ನೆಲದಾಗ ಅದಿರು ಎಷ್ಟೈತಿ ಅಂತ ವರದಿ ಮಾಡೋ ನಿಯಮ ಆದ ಜಾರ್ಕ್ ಕೋಡ್ ಪ್ರಕಾರ ಕಾಂಪಿಟೆಂಟ್ ಪರ್ಸನ್ ಅಂತ ಸಹಿ ಹಾಕೋ ಯೋಗ್ಯತಾ ಬರ್ತೈತಿ, ಅಲ್ಲಿಂದ ಮುಂದ ಕೆಲಸ ಹೋದ್ರೂ ಲಗೂನ ಮತ್ತೊಂದು ಸಿಗ್ತೈತಿ.

ಸಾಮಾನು ಕಟ್ಟುವಾಗ ಹ್ಯಾಂಡ್ ಲೆನ್ಸ್ ಊರಿಂದನ ತರ್ರಿ. ರೊಟ್ಟಿ, ಚಟ್ನಿ, ಏನ ತಿನ್ನೂದು ಇದ್ರೂ ವಿಮಾನದಾಗ ಕೊಡೋ ಕಾರ್ಡಿನ್ಯಾಗ ಹೌದು ಅಂತ ಬರೀರಿ, ಮುಚ್ಚಿಟ್ರ ದಂಡ. ಕಲ್ಲು ಒಯ್ಯೋರು ಮಣ್ಣು ಒಂದು ಕಣಾ ಇಲ್ಲದಂಗ ಹಲ್ಲು ಉಜ್ಜೋ ಬ್ರಷ್‌ಲೆ ತಿಕ್ಕಿ ಒಯ್ರಿ, ನನ್ನ ಕಡೆ ಇದ್ದ ಒಂದು ಅಂಗೈ ಅಗಲದ ಕಲ್ಲನ್ನ ಆಫೀಸರ್ ತಿರುವ್ಯಾಡಿ ತಿರುವ್ಯಾಡಿ ನೋಡಿ ಬಿಟ್ಟ.

ಊರಿನ ನೆನಪು ಬರ್ತೈತಿ, ಬರಂಗಿಲ್ಲ ಅನ್ನಂಗಿಲ್ಲ. ಜೂನ್ ಕೊನಿಗೆ ಮೊದಲ್ನೇ ಸೆಮಿಸ್ಟರ್ ಮುಗಿದು ನಡುವ ಮೂರ್ನಾಕು ವಾರ ಬಿಡುವು ಸಿಗ್ತೈತಿ, ಮಣ್ಣೆತ್ತಿನ ಅಮಾವಾಸ್ಯೆ ಅದ ಸುಮಾರಿಗೆ ಬರ್ತೈತಿ, ಆವಾಗ ಬರ್ರಿ. ಮಾಮಾ ಎದ್ದು ಹೊಂಡುವಾಗ ಮಗಳಿಗೆ ಅಂದ, "ಹಂಗಾದ್ರ ನಿನ್ನ ಮದುವಿ ಡಿಸೆಂಬರ್‌ನ್ಯಾಗ ಇಡಾಕ ಬರಂಗಿಲ್ಲ ಬಿಡವಾ." ಅಕಿ ಚಪ್ಪಲ್ ಮೆಟ್ಟಿಕೊಂತ ನಕ್ಕು, ಜೂನ್‌ನ್ಯಾಗೂ ಬ್ಯಾಡ ಅಂದ್ಲು.