ಮಳೇಲಿ ಒಮ್ಮೆ ಕಾರು ಜಾರಿ ಭಯ ಹಿಡಿದವರಿಗೆ

ಕೊಡಗಿನ ರಸ್ತೆಯಲ್ಲಿ ಜೋರು ಮಳೆಗಿಂತ ಮೊದಲ ಮಳೆಯೇ ಜಾಸ್ತಿ ಮೋಸ ಮಾಡುತ್ತದೆ. ಬೇಸಿಗೆಯ ಧೂಳು, ಲಾರಿಗಳಿಂದ ಸೋರಿದ ಎಣ್ಣೆ ಎಲ್ಲ ನೀರಿಗೆ ಬೆರೆತು ಸಾಬೂನು ಹಚ್ಚಿದಂತಾಗುತ್ತದೆ. ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಬಿಟ್ಟುಹೋದ ಕೆಂಪು ಕೆಸರು, ತಿರುವಿನಲ್ಲಿ ಬಿದ್ದ ಒದ್ದೆ ಸಿಲ್ವರ್ ಓಕ್ ಮರದ ಎಲೆ, ನೆರಳಿನ ಪಾಚಿ ಕಂಡರೆ ಮೊದಲೇ ವೇಗ ಇಳಿಸಿ. ಅದರ ಮೇಲೆ ಹೋದ ಮೇಲೆ ಬ್ರೇಕ್ ಒತ್ತಬೇಡಿ.

ಆದರೂ ಜಾರಿತು ಅಂದುಕೊಳ್ಳಿ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತಿದೆಯಾ? ಆಕ್ಸಿಲರೇಟರ್ ಬಿಡಿ, ತಿರುಗಿಸಿದ ಸ್ಟೀರಿಂಗನ್ನು ಸ್ವಲ್ಪ ವಾಪಸ್ ತನ್ನಿ. ಮುಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಹಿಂಭಾಗ ಎಡಕ್ಕೆ ಜಾರಿದರೆ ಸ್ಟೀರಿಂಗನ್ನೂ ಎಡಕ್ಕೇ ಕೊಡಿ, ಕಾರು ನೇರವಾಗುತ್ತಿದ್ದಂತೆ ವಾಪಸ್ ತನ್ನಿ. ಕಣ್ಣು ಹೋಗಬೇಕಾದ ದಾರಿ ಮೇಲಿರಲಿ, ಚರಂಡಿ ಮೇಲಲ್ಲ. ನಿಲ್ಲಿಸಲೇಬೇಕಾದರೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಗಡಗಡ ಅದುರುತ್ತದೆ, ಗಾಬರಿ ಬೇಡ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಎಬಿಎಸ್ ಇಲ್ಲದಿದ್ದರೆ ಬಿಟ್ಟು ಬಿಟ್ಟು ಒತ್ತಿ.

ಇನ್ನು ಧೈರ್ಯದ ಮಾತು. ಸುಮ್ನೆ ಮನೇಲಿ ಕೂತರೆ ಭಯ ಬೆಳೆಯುತ್ತದೆ. ಒದ್ದೆಯಾದ ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಒತ್ತಿ ನೋಡಿ, ಆ ಅದುರು ಕಾಲಿಗೆ ಗೊತ್ತಾಗಲಿ. ಆಮೇಲೆ ಕುಶಾಲನಗರದ ಕಡೆಯ ಸಮತಟ್ಟು ರಸ್ತೆ. ಸಂಪಾಜೆ ಘಾಟಿ ಕೊನೆಗೆ, ಅದೂ ಹಗಲಲ್ಲಿ. ಇಳಿಜಾರಲ್ಲಿ ಎರಡನೇ ಗೇರ್ ಸಾಕು, ನ್ಯೂಟ್ರಲ್ ಬೇಡವೇ ಬೇಡ. ಪಕ್ಕದಲ್ಲಿ ಕೂತು ಕಿರುಚುವ ನೆಂಟರನ್ನು ಮಾತ್ರ ಕರೆದೊಯ್ಯಬೇಡಿ!

ಹೊರಡುವ ಮುಂಚೆ ಟೈರ್ ನೋಡಿ. ಕಾನೂನಿಗೆ ಟೈರಿನ ಗೀರುಗಳ ಆಳ 1.6 ಮಿಲಿಮೀಟರ್ ಉಳಿದಿದ್ದರೆ ಸಾಕು, ಆದರೆ ನಮ್ಮ ಮಳೆಗೆ 3 ಮಿಲಿಮೀಟರ್‌ಗೇ ಬದಲಿಸುವುದು ಒಳ್ಳೆಯದು.